ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ರಕ್ತದ ವರದಿ: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರ ಫೈಲು ತೆರೆದರೆ ಸ್ಕ್ಯಾನ್‌ಗಳಿಗಿಂತ ರಕ್ತದ ವರದಿಗಳೇ ಹೆಚ್ಚು ಸಿಗುತ್ತವೆ. ಮನೆಯವರ ಕಣ್ಣು ಮಾತ್ರ ಸಿಇಎ (ಹಲವು ಗೆಡ್ಡೆಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನ್) ಎಂಬ ಒಂದೇ ಸಾಲಿನ ಮೇಲೆ ನೆಟ್ಟಿರುತ್ತದೆ. ಸಿಇಎ ಮುಖ್ಯವೇ. ಆದರೆ ಹಿಮೋಗ್ಲೋಬಿನ್, ನ್ಯೂಟ್ರೊಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ), ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್), ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ಅಳತೆ) ಎಂಬ ಸಾಮಾನ್ಯ ಪರೀಕ್ಷೆಗಳನ್ನು ಅಷ್ಟೇ ಗಮನವಿಟ್ಟು ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ವಾರ ಕಿಮೊ ಕೊಡಬೇಕೋ ಬೇಡವೋ, ಮಾತ್ರೆ ಎಷ್ಟು, ಆಪರೇಷನ್‌ಗೆ ದೇಹ ಸಿದ್ಧವಿದೆಯೇ ಎಂಬ ನಿರ್ಧಾರಗಳು ನಿಂತಿರುವುದು ಇವುಗಳ ಮೇಲೆ. ಮುಂದಿನ ಉತ್ತರಗಳನ್ನು ವರದಿ ಓದಿಕೊಳ್ಳಲು ಬಳಸಿ. ಔಷಧ ನಿಲ್ಲಿಸುವುದು, ಬದಲಾಯಿಸುವುದು ನಿಮ್ಮ ವೈದ್ಯರ ಜೊತೆ ಮಾತಾಡಿಯೇ ಆಗಬೇಕು.

ರಕ್ತ ಪರೀಕ್ಷೆ ಮಾಡಿಸಿದರೆ ಕರುಳಿನ ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಾಗುತ್ತದೆಯೇ?

ಇಲ್ಲ. ಖಚಿತಪಡಿಸುವುದು ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವುದು) ಮತ್ತು ಅಲ್ಲಿಂದ ತೆಗೆದ ಚೂರಿನ ಬಯಾಪ್ಸಿ. ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ‘ಕ್ಯಾನ್ಸರ್ ಮಾರ್ಕರ್’ ಎಂದು ಸಿಇಎ ಸೇರಿಸಿರುತ್ತಾರೆ. ಆರೋಗ್ಯವಂತರಲ್ಲಿ ರೋಗ ಹುಡುಕಲು ಅದು ತಕ್ಕ ಸಾಧನವಲ್ಲ. ಆರಂಭದ ಹಂತದಲ್ಲಿರುವ ಬಹುಪಾಲು ರೋಗಿಗಳಲ್ಲಿ ಸಿಇಎ ಏರಿರುವುದೇ ಇಲ್ಲ. ಕ್ಯಾನ್ಸರ್ ಇಲ್ಲದ ಧೂಮಪಾನಿಗಳಲ್ಲಿ ಅದು ಏರಿರಬಹುದು. ಹೀಗಾಗಿ ನಾರ್ಮಲ್ ಬಂದವರು ಸುಳ್ಳು ಧೈರ್ಯ ತಂದುಕೊಳ್ಳುತ್ತಾರೆ, ಏರಿದವರು ವಿನಾ ಕಾರಣ ಕಂಗಾಲಾಗುತ್ತಾರೆ. ತಪಾಸಣೆಗೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪತ್ತೆಹಚ್ಚುವ ಫಿಟ್ ಪರೀಕ್ಷೆ ಇದೆ, ಕೊಲೊನೋಸ್ಕೋಪಿ ಇದೆ.

ಅಪ್ಪನಿಗೆ 62 ವರ್ಷ. ಹಿಮೋಗ್ಲೋಬಿನ್ 8.4 ಇದೆ. ಹೊಟ್ಟೆನೋವಿಲ್ಲ, ಮಲದಲ್ಲಿ ರಕ್ತವೂ ಕಂಡಿಲ್ಲ. ಆದರೂ ಡಾಕ್ಟರು ಕೊಲೊನೋಸ್ಕೋಪಿ ಎನ್ನುತ್ತಿದ್ದಾರೆ. ಯಾಕೆ?

ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ, ದಯವಿಟ್ಟು ಮುಂದೂಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಗಂಡಸರಲ್ಲಿ 13, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆ. ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶ ಕಡಿಮೆಯಾಗಲು ಕಾರಣ ಸುಲಭವಾಗಿ ಸಿಗುತ್ತದೆ. ವಯಸ್ಸಾದ ಗಂಡಸಿನಲ್ಲಿ, ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣ ಕಡಿಮೆಯಾಯಿತೆಂದರೆ ಅದು ಎಲ್ಲೋ ಸೋರಿ ಹೋಗುತ್ತಿದೆಯೇ ಎಂದು ಹುಡುಕಲೇಬೇಕು. ಹೆಚ್ಚಾಗಿ ಆ ಸೋರಿಕೆ ಜಠರ ಅಥವಾ ಕರುಳಿನಲ್ಲಿರುತ್ತದೆ. ಅದಕ್ಕೇ ಮೇಲಿನಿಂದ ಎಂಡೋಸ್ಕೋಪಿ, ಕೆಳಗಿನಿಂದ ಕೊಲೊನೋಸ್ಕೋಪಿ ಎರಡನ್ನೂ ಹೇಳುತ್ತಾರೆ. ಹುಣ್ಣು, ಮೂಲವ್ಯಾಧಿ, ಕೊಕ್ಕೆಹುಳ ಹೀಗೆ ಬೇರೆ ಕಾರಣವೂ ಸಿಗಬಹುದು. ಅದು ಗೊತ್ತಾಗುವುದೂ ನೋಡಿದ ಮೇಲೆಯೇ.

ರಕ್ತ ಕಾಣಲಿಲ್ಲ ಎನ್ನುವುದಕ್ಕೂ ಉತ್ತರವಿದೆ. ದೊಡ್ಡ ಕರುಳಿನ ಬಲಭಾಗ ಅಗಲ, ಅಲ್ಲಿ ಮಲ ಇನ್ನೂ ನೀರಾಗಿರುತ್ತದೆ. ಗೆಡ್ಡೆ ಬೆಳೆದರೂ ಬೇಗ ದಾರಿ ಕಟ್ಟುವುದಿಲ್ಲ, ನೋವಾಗುವುದಿಲ್ಲ. ದಿನಕ್ಕೆ ಕೆಲವು ಮಿಲಿಲೀಟರ್ ರಕ್ತ ತಿಂಗಳುಗಟ್ಟಲೆ ಒಸರುತ್ತಾ ಮಲದಲ್ಲಿ ಬೆರೆತುಹೋಗುತ್ತದೆ. ಕಣ್ಣಿಗೆ ಬೀಳುವುದು ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಎಡಭಾಗದ, ಗುದನಾಳದ ಗೆಡ್ಡೆಯಾದರೆ ಕೆಂಪು ರಕ್ತ ಕಾಣಬಹುದು. ಅದನ್ನು ನಮ್ಮಲ್ಲಿ ಮೂಲವ್ಯಾಧಿ ಎಂದುಕೊಂಡು ನಾಟಿ ಔಷಧದಲ್ಲಿ ತಿಂಗಳುಗಳನ್ನು ಕಳೆಯುವವರು ಬಹಳ. ವರದಿಯಲ್ಲಿ ಎಂಸಿವಿ 80ಕ್ಕಿಂತ ಕೆಳಗಿದ್ದರೆ ಕೆಂಪು ಕಣಗಳು ಗಾತ್ರದಲ್ಲಿ ಸಣ್ಣದಾಗಿವೆ ಎಂದರ್ಥ. ಕಬ್ಬಿಣದ ಕೊರತೆಯ ಒಂದು ಸುಳಿವು ಅದು. ಥಲಸ್ಸೀಮಿಯಾ ಎಂಬ ರಕ್ತದ ದೋಷದ ಅಂಶವನ್ನು ಹುಟ್ಟಿನಿಂದಲೇ ಹೊತ್ತವರಲ್ಲೂ ಎಂಸಿವಿ ಕಡಿಮೆ ಇರುತ್ತದೆ. ಹಾಗಾಗಿ ಹಳೆಯ ವರದಿ ಸಿಕ್ಕರೆ ಹುಡುಕಿ ತನ್ನಿ. ಐದು ವರ್ಷದ ಹಿಂದೆ 90 ಇದ್ದ ಎಂಸಿವಿ ಈಗ 72 ಆಗಿದ್ದರೆ ಆ ಬದಲಾವಣೆಯೇ ದೊಡ್ಡ ಸುದ್ದಿ.

ಕಬ್ಬಿಣದ ಮಾತ್ರೆ ಕೊಟ್ಟ ಮೇಲೆ ಹಿಮೋಗ್ಲೋಬಿನ್ 11ಕ್ಕೆ ಏರಿದೆ. ಇನ್ನೂ ಕೊಲೊನೋಸ್ಕೋಪಿ ಬೇಕೇ?

ಬೇಕು. ಮಾತ್ರೆಯಿಂದ ಕೊರತೆ ತುಂಬುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಏರಿದ ಸಂಖ್ಯೆ ನೋಡಿ ನಿರಾಳರಾಗಿ ಪರೀಕ್ಷೆ ಕೈಬಿಡುವುದೇ ಇಲ್ಲಿನ ಅತಿ ದೊಡ್ಡ ಅಪಾಯ. ಕೊಲೊನೋಸ್ಕೋಪಿಗೆ ಸುಮಾರು ಒಂದು ವಾರ ಮೊದಲು ಕಬ್ಬಿಣದ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಅದು ಮಲವನ್ನು ಕಪ್ಪಾಗಿ, ಅಂಟಂಟಾಗಿ ಮಾಡುವುದರಿಂದ ಕರುಳಿನ ಒಳಗೋಡೆ ಸರಿಯಾಗಿ ಕಾಣುವುದಿಲ್ಲ.

ಫೆರಿಟಿನ್ ನಾರ್ಮಲ್ ಬಂದಿದೆ. ಹಾಗಾದರೆ ಕಬ್ಬಿಣದ ಕೊರತೆ ಇಲ್ಲ ಅಲ್ಲವೇ?

ಹಾಗೆ ಹೇಳಲಾಗದು. ಫೆರಿಟಿನ್ ದೇಹದ ಕಬ್ಬಿಣದ ಕಣಜ. ಅದು 30ಕ್ಕಿಂತ ಕೆಳಗಿದ್ದರೆ ಕಣಜ ಬರಿದಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಆದರೆ ದೇಹದಲ್ಲಿ ಉರಿಯೂತವಿದ್ದರೆ ಫೆರಿಟಿನ್ ತಾನಾಗಿಯೇ ಏರುತ್ತದೆ. ಕ್ಯಾನ್ಸರ್ ಸ್ವತಃ ಉರಿಯೂತ ತರುವ ರೋಗ. ಆಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಗೆ ಬಿಡುತ್ತದೆ. ಅದರಿಂದ ಕರುಳು ಕಬ್ಬಿಣವನ್ನು ಹೀರುವುದು ಕಡಿಮೆಯಾಗುತ್ತದೆ, ಕಣಜದಲ್ಲಿ ಇರುವುದಕ್ಕೂ ಬೀಗ ಬೀಳುತ್ತದೆ. ಆದ್ದರಿಂದ ಇಂಥವರಲ್ಲಿ ಫೆರಿಟಿನ್ 100ಕ್ಕಿಂತ ಕಡಿಮೆಯಿದ್ದು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಅಳತೆ) ಶೇ. 20ಕ್ಕಿಂತ ಕೆಳಗಿದ್ದರೆ ಕೊರತೆ ಇದೆ ಎಂದೇ ಪರಿಗಣಿಸುತ್ತಾರೆ.

ಬೀಟ್‌ರೂಟ್ ರಸ, ಖರ್ಜೂರ, ನುಗ್ಗೆಸೊಪ್ಪು ಕೊಡುತ್ತಿದ್ದೇವೆ, ಏರುತ್ತಲೇ ಇಲ್ಲ ಎಂದು ಬೇಸರಪಡುವವರಿಗೆ ಉತ್ತರವೂ ಇದರಲ್ಲೇ ಇದೆ. ಅಡುಗೆಮನೆಯಲ್ಲಿ ನಿಮ್ಮದು ಯಾವ ತಪ್ಪೂ ಇಲ್ಲ. ಉರಿಯೂತವಿದ್ದಾಗ ಬಾಯಿಂದ ಕೊಟ್ಟ ಕಬ್ಬಿಣ, ಅದು ಮಾತ್ರೆಯಾದರೂ, ಸರಿಯಾಗಿ ಒಳಸೇರುವುದಿಲ್ಲ. ಆಪರೇಷನ್‌ಗೆ ಮುನ್ನ ಸಮಯ ಕಡಿಮೆ ಇರುವಾಗ ನರದ ಮೂಲಕ ಡ್ರಿಪ್‌ನಲ್ಲಿ ಕಬ್ಬಿಣ ಕೊಡುವುದು ಇದಕ್ಕೇ. ರಕ್ತ ಹಾಕಿಸುವ ಅಗತ್ಯವನ್ನು ಕಡಿಮೆ ಮಾಡುವುದೂ ಅದರ ಉದ್ದೇಶ. ಆಪರೇಷನ್ ದಿನಾಂಕ ಗೊತ್ತಾದ ಕೂಡಲೇ ‘ಐರನ್ ಡ್ರಿಪ್ ಬೇಕಾಗಬಹುದೇ?’ ಎಂದು ನೀವೇ ಕೇಳಿ. ಕೊನೆಯ ಎರಡು ದಿನದಲ್ಲಿ ಕೇಳಿದರೆ ಅದು ಕೆಲಸ ಮಾಡಲು ಸಮಯ ಉಳಿದಿರುವುದಿಲ್ಲ.

ಪ್ಲೇಟ್‌ಲೆಟ್ 5.2 ಲಕ್ಷ ಇದೆ. ಹೆಚ್ಚಿದ್ದರೆ ಒಳ್ಳೆಯದಲ್ಲವೇ?

ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಇಳಿಯುವುದನ್ನು ಕಂಡು ಹೆದರಿದವರು ನಾವು. ಅದು ಏರಿದರೂ ಅರ್ಥವಿದೆ. ಸಾಮಾನ್ಯ ಮಿತಿ ಸುಮಾರು 1.5ರಿಂದ 4.5 ಲಕ್ಷ. ಕಬ್ಬಿಣದ ಕೊರತೆಯಲ್ಲಿ ಪ್ಲೇಟ್‌ಲೆಟ್ ಏರುತ್ತದೆ. ಗೆಡ್ಡೆಯಿಂದ ಉಂಟಾಗುವ ಉರಿಯೂತದ ರಾಸಾಯನಿಕಗಳು ಯಕೃತ್ತನ್ನು ಪ್ರಚೋದಿಸಿದಾಗಲೂ ಏರುತ್ತದೆ. ಸೋಂಕು ಕೂಡ ಕಾರಣವಾಗಬಹುದು. ಒಂದೇ ಸಲ ಏರಿದ್ದರೆ ಮತ್ತೆ ನೋಡುತ್ತಾರೆ. ಹಿಮೋಗ್ಲೋಬಿನ್ ಇಳಿದಿದ್ದು ಪ್ಲೇಟ್‌ಲೆಟ್ ಏರಿಯೇ ಉಳಿದಿದ್ದರೆ ಅದನ್ನು ಕಡೆಗಣಿಸಬಾರದು.

ಆಲ್ಬುಮಿನ್ 2.9 ಬಂದಿದೆ. ಮೊಟ್ಟೆ, ಪ್ರೋಟೀನ್ ಪುಡಿ ಕೊಡುತ್ತಿದ್ದರೂ ಯಾಕೆ ಏರುತ್ತಿಲ್ಲ?

ಆಲ್ಬುಮಿನ್ ಯಕೃತ್ತು ತಯಾರಿಸುವ ಪ್ರೋಟೀನ್. ಊಟ ಕಡಿಮೆಯಾದರೆ ಅದು ಇಳಿಯುತ್ತದೆ ಎಂಬುದಷ್ಟೇ ಜನರಿಗೆ ಗೊತ್ತು. ಉರಿಯೂತ ಹೆಚ್ಚಿದಾಗ ಯಕೃತ್ತು ಸಿಆರ್‌ಪಿಯಂಥ, ಉರಿಯೂತದ ವೇಳೆ ಏರುವ ಪ್ರೋಟೀನುಗಳತ್ತ ತಿರುಗಿ ಆಲ್ಬುಮಿನ್ ತಯಾರಿಕೆಯನ್ನು ತಗ್ಗಿಸುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ರಕ್ತದಲ್ಲಿ ಆಲ್ಬುಮಿನ್‌ನ ಅರ್ಧಾಯುಷ್ಯ ಸುಮಾರು 20 ದಿನ. ಆದ್ದರಿಂದ ಇವತ್ತು ಕೊಟ್ಟ ಮೊಟ್ಟೆ ನಾಳಿನ ವರದಿಯಲ್ಲಿ ಕಾಣಿಸದು. ಹಾಗೆಂದು ಮೊಟ್ಟೆ, ಬೇಳೆ, ಮೊಸರು ನಿಲ್ಲಿಸಬೇಡಿ. ಸ್ನಾಯು ಉಳಿಯಲು ಅವು ಬೇಕೇ ಬೇಕು.

ಆಲ್ಬುಮಿನ್ ಮತ್ತು ಸಿಆರ್‌ಪಿ ಎರಡನ್ನೂ ಕೂಡಿಸಿ ಓದುವ ಕ್ರಮವನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದ ವೈದ್ಯರು ರೂಪಿಸಿದರು. ಅದಕ್ಕೆ ಗ್ಲಾಸ್ಗೋ ಪ್ರೋಗ್ನಾಸ್ಟಿಕ್ ಸ್ಕೋರ್ ಎಂದೇ ಹೆಸರು. ಈಗ ಬಳಕೆಯಲ್ಲಿರುವ ಪರಿಷ್ಕೃತ ರೂಪದಲ್ಲಿ ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಮೀರದಿದ್ದರೆ ಸೊನ್ನೆ. ಮೀರಿದ್ದರೆ ಒಂದು. ಮೀರಿದ್ದು, ಜೊತೆಗೆ ಆಲ್ಬುಮಿನ್ 3.5 ಗ್ರಾಂಗಿಂತ ಕೆಳಗಿದ್ದರೆ ಎರಡು. ಅಂಕ ಏರಿದಷ್ಟೂ ರೋಗಿಗೆ ಹೆಚ್ಚಿನ ಪೋಷಣೆ, ಹೆಚ್ಚಿನ ನಿಗಾ ಬೇಕು ಎಂದು ವೈದ್ಯರು ಅರ್ಥಮಾಡಿಕೊಳ್ಳುತ್ತಾರೆ. ಇಂಥ ಅಂಕಗಳು ಹುಟ್ಟಿದ್ದು ನೂರಾರು ರೋಗಿಗಳ ಗುಂಪನ್ನು ನೋಡಿ. ನಿಮ್ಮ ಅಮ್ಮನ ಆಯುಷ್ಯವನ್ನು ಅದರಲ್ಲಿ ಲೆಕ್ಕ ಹಾಕಬೇಡಿ. ನ್ಯೂಟ್ರೊಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣದ ಸಂಖ್ಯೆಯಿಂದ ಭಾಗಿಸುವ ಎನ್‌ಎಲ್‌ಆರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಒಂದು ಹಲ್ಲಿನ ಸೋಂಕು, ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ಅದನ್ನು ಏರಿಸಬಲ್ಲದು.

ಸಿಆರ್‌ಪಿ ಓದುವಾಗ ಘಟಕ ನೋಡಿ. ಕೆಲವು ಲ್ಯಾಬ್‌ಗಳು ಲೀಟರಿಗೆ, ಕೆಲವು ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಕೊಡುತ್ತವೆ. ಡೆಸಿಲೀಟರಿಗೆ 2 ಎಂದರೆ ಲೀಟರಿಗೆ 20. ಎರಡು ಲ್ಯಾಬ್‌ಗಳ ವರದಿ ಪಕ್ಕಪಕ್ಕ ಇಟ್ಟು ‘ಹತ್ತು ಪಟ್ಟು ಏರಿದೆ’ ಎಂದು ಗಾಬರಿಯಾಗುವುದು ಹೀಗೆಯೇ.

ಆಪರೇಷನ್ ಆಗಿ ಮೂರನೇ ದಿನ. ಸಿಆರ್‌ಪಿ 180 ಇದೆಯಂತೆ.

ಯಾವ ದೊಡ್ಡ ಆಪರೇಷನ್ ಆದರೂ ಸಿಆರ್‌ಪಿ ಏರುತ್ತದೆ, ಎರಡು ಮೂರು ದಿನದಲ್ಲಿ ತುದಿ ಮುಟ್ಟಿ ಇಳಿಯತೊಡಗುತ್ತದೆ. ಮೂರರಿಂದ ಐದನೇ ದಿನದ ನಡುವೆ ಲೀಟರಿಗೆ 150 ಮಿಲಿಗ್ರಾಂಗಿಂತ ಮೇಲೆಯೇ ಇದ್ದರೆ ಕರುಳು ಜೋಡಿಸಿದ ಜಾಗದಲ್ಲಿ ಸೋರಿಕೆ ಅಥವಾ ಬೇರೆ ಸೋಂಕು ಇದೆಯೇ ಎಂದು ಸರ್ಜನ್ ಹುಷಾರಾಗುತ್ತಾರೆ. ಬೇಕಾದರೆ ಸಿಟಿ ಮಾಡಿಸುತ್ತಾರೆ. ಅದು ಎಚ್ಚರಿಕೆಯ ಗಂಟೆ ಮಾತ್ರ, ಸೋರಿಕೆ ಆಗಿಯೇ ಇದೆ ಎಂದಲ್ಲ. ಚೆನ್ನಾಗಿ ಇಳಿದ ಸಿಆರ್‌ಪಿ ಹೆಚ್ಚು ನಂಬಿಕೆಗೆ ಅರ್ಹ. ಅಂಥವರಲ್ಲಿ ಸೋರಿಕೆಯ ಸಾಧ್ಯತೆ ಕಡಿಮೆ.

ಸಿಇಎ ಎಂದರೇನು? ಎಷ್ಟಿರಬೇಕು?

1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವೈದ್ಯ ವಿಜ್ಞಾನಿಗಳು ದೊಡ್ಡ ಕರುಳಿನ ಗೆಡ್ಡೆಗಳಲ್ಲಿ ಈ ಪ್ರೋಟೀನನ್ನು ಗುರುತಿಸಿದರು. ಭ್ರೂಣದ ಕರುಳಿನಲ್ಲೂ ಅದು ಸಿಕ್ಕಿತು. ಸಾಮಾನ್ಯವಾಗಿ ಮಿಲಿಲೀಟರಿಗೆ 5 ನ್ಯಾನೊಗ್ರಾಂ ಒಳಗಿದ್ದರೆ ನಾರ್ಮಲ್ ಎನ್ನುತ್ತಾರೆ. ಬೀಡಿ ಸಿಗರೇಟು ಸೇದದವರಲ್ಲಿ ಇನ್ನೂ ಕಡಿಮೆ ಇರುತ್ತದೆ. ಯಕೃತ್ತಿನ ಕಾಯಿಲೆ, ಮೇದೋಜೀರಕದ ಊತ, ಕರುಳಿನ ದೀರ್ಘಕಾಲದ ಉರಿಯೂತಗಳಲ್ಲೂ ತುಸು ಏರಬಹುದು.

ಚಿಕಿತ್ಸೆ ಶುರುವಾಗುವ ಮೊದಲೇ ಒಮ್ಮೆ ನೋಡಿಸಿಕೊಳ್ಳುವುದು ಬಹಳ ಮುಖ್ಯ. ಮೊದಲು 40 ಇದ್ದದ್ದು ಆಪರೇಷನ್ ಬಳಿಕ 2ಕ್ಕೆ ಇಳಿದರೆ, ಆ ರೋಗಿಯಲ್ಲಿ ಸಿಇಎ ಮುಂದೆಯೂ ನಂಬಬಹುದಾದ ಕಾವಲುಗಾರ. ರಕ್ತದಿಂದ ಅದು ಪೂರ್ತಿ ಇಳಿಯಲು ನಾಲ್ಕರಿಂದ ಆರು ವಾರ ಬೇಕು, ಆದ್ದರಿಂದ ಆಪರೇಷನ್ ಆದ ವಾರವೇ ನೋಡಿ ಚಿಂತಿಸಬೇಡಿ. ಆರು ವಾರದ ನಂತರವೂ ಏರಿಯೇ ಇದ್ದರೆ ಎಲ್ಲಾದರೂ ರೋಗ ಉಳಿದಿದೆಯೇ ಎಂದು ಹುಡುಕುತ್ತಾರೆ.

ರೋಗ ಯಕೃತ್ತಿಗೆ ಹರಡಿದೆ ಎಂದು ಸ್ಕ್ಯಾನ್ ಹೇಳುತ್ತಿದೆ, ಸಿಇಎ ಮಾತ್ರ 1.8. ಯಾವುದನ್ನು ನಂಬಬೇಕು?

ಸ್ಕ್ಯಾನ್ ಅನ್ನು. ಕೆಲವು ಗೆಡ್ಡೆಗಳು ಸಿಇಎಯನ್ನು ರಕ್ತಕ್ಕೆ ಬಿಡುವುದೇ ಇಲ್ಲ, ಅದರಲ್ಲೂ ಜೀವಕೋಶಗಳು ತಮ್ಮ ಮೂಲ ರೂಪವನ್ನು ತೀರಾ ಕಳೆದುಕೊಂಡಂಥವು. ಅಂಥವರಲ್ಲಿ ಸಿಇಎಯನ್ನೇ ನೆಚ್ಚಿ ಸ್ಕ್ಯಾನ್ ತಪ್ಪಿಸುವಂತಿಲ್ಲ. ಇದೇ ರೀತಿ ಎಲ್‌ಎಫ್‌ಟಿ (ಯಕೃತ್ತಿನ ಕೆಲಸ ನೋಡುವ ರಕ್ತ ಪರೀಕ್ಷೆ) ನಾರ್ಮಲ್ ಇದೆ ಎಂದ ಮಾತ್ರಕ್ಕೆ ಯಕೃತ್ತಿನಲ್ಲಿ ಗೆಡ್ಡೆ ಇಲ್ಲ ಎನ್ನಲಾಗದು. ಯಕೃತ್ತಿನ ಶಕ್ತಿ ದೊಡ್ಡದು. ಸಾಕಷ್ಟು ಭಾಗ ಕೆಟ್ಟ ಮೇಲೆಯೇ ಸಂಖ್ಯೆಗಳು ಬದಲಾಗುವುದುಂಟು.

ಕಿಮೊ ಶುರುವಾಗಿ ತಿಂಗಳಾಗಿದೆ, ಸಿಇಎ 22ರಿಂದ 31ಕ್ಕೆ ಏರಿದೆ. ಔಷಧ ಕೆಲಸ ಮಾಡುತ್ತಿಲ್ಲವೇ?

ಮೊದಲ ನಾಲ್ಕರಿಂದ ಆರು ವಾರಗಳಲ್ಲಿ, ವಿಶೇಷವಾಗಿ ಆಕ್ಸಾಲಿಪ್ಲಾಟಿನ್ ಎಂಬ ಕಿಮೊ ಔಷಧ ಕೊಡುವಾಗ, ಸಿಇಎ ತಾತ್ಕಾಲಿಕವಾಗಿ ಏರಿ ಆಮೇಲೆ ಇಳಿಯುವುದುಂಟು. ಈ ಒಂದು ಸಂಖ್ಯೆ ನೋಡಿ ಚಿಕಿತ್ಸೆ ಬಿಟ್ಟು ಬೇರೆ ಪದ್ಧತಿಗೆ ಓಡಬೇಡಿ. ನಿಗದಿತ ಸ್ಕ್ಯಾನ್ ತನಕ ಕಾಯಿರಿ.

ಒಂದು ಲ್ಯಾಬ್‌ನಲ್ಲಿ 3.1, ಇನ್ನೊಂದರಲ್ಲಿ 4.4. ಏರಿದೆಯೇ?

ಹೇಳಲಾಗದು. ಯಂತ್ರ, ವಿಧಾನ ಬೇರೆಯಾದರೆ ಸಂಖ್ಯೆಯೂ ಬದಲಾಗುತ್ತದೆ. ಸಿಇಎಯನ್ನು ಸದಾ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮುನ್ನ ತಿಳಿಸಿ, ಕೆಲವು ಯಂತ್ರಗಳಲ್ಲಿ ಅದು ಫಲಿತಾಂಶವನ್ನು ತಪ್ಪಾಗಿಸುತ್ತದೆ. ಸಿಇಎಗೆ ಖಾಲಿ ಹೊಟ್ಟೆ ಬೇಕಿಲ್ಲ. ಸಿಎ 19-9 ಎಂಬ ಇನ್ನೊಂದು ಮಾರ್ಕರ್ ಕೂಡ ಮಾಡಿಸಬೇಕೇ ಎಂದು ಕೇಳುತ್ತಾರೆ. ಕರುಳಿನ ಕ್ಯಾನ್ಸರ್‌ನಲ್ಲಿ ಅದು ವಾಡಿಕೆಯ ಪರೀಕ್ಷೆಯಲ್ಲ, ವೈದ್ಯರು ಹೇಳದಿದ್ದರೆ ದುಡ್ಡು ಉಳಿಸಿ.

ಪ್ರತಿ ಕಿಮೊಗೆ ಮುಂಚೆ ರಕ್ತ ಯಾಕೆ? ದೂರದಿಂದ ಬಂದು ‘ಕೌಂಟ್ ಇಲ್ಲ’ ಎಂದು ವಾಪಸ್ ಕಳಿಸುತ್ತಾರೆ.

ಬೀದರ್, ರಾಯಚೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಬಂದವರಿಗೆ ಈ ಮಾತು ಎಷ್ಟು ನೋವು ಕೊಡುತ್ತದೆ ಎಂದು ಬಲ್ಲೆ. ಆದರೂ ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಸಾಕಷ್ಟು ಇಲ್ಲದೆ ಕೊಟ್ಟ ಕಿಮೊ ಜೀವಕ್ಕೆ ಎರವಾಗಬಹುದು. ಸಾಮಾನ್ಯವಾಗಿ ನ್ಯೂಟ್ರೊಫಿಲ್ 1,500ಕ್ಕಿಂತ ಹೆಚ್ಚು, ಪ್ಲೇಟ್‌ಲೆಟ್ 75,000 ಅಥವಾ 1 ಲಕ್ಷಕ್ಕಿಂತ ಹೆಚ್ಚು ಇರಬೇಕು ಎನ್ನುತ್ತಾರೆ. ಒಟ್ಟು ಬಿಳಿ ಕಣ 3,000 ಇದ್ದು ನ್ಯೂಟ್ರೊಫಿಲ್ ಶೇ. 40 ಎಂದಿದ್ದರೆ ನಿಜವಾದ ಸಂಖ್ಯೆ 1,200. ನಿಮ್ಮೂರಿನಲ್ಲೇ ಒಂದೆರಡು ದಿನ ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ ಆಸ್ಪತ್ರೆಗೆ ಕಳಿಸಬಹುದೇ ಎಂದು ಡೇ ಕೇರ್‌ನಲ್ಲಿ ಕೇಳಿ. ಒಪ್ಪಿದರೆ ಒಂದು ವ್ಯರ್ಥ ಪ್ರಯಾಣ ಉಳಿಯುತ್ತದೆ.

ಕೌಂಟ್ ಅತಿ ಕೆಳಗಿಳಿಯುವುದು ಸಾಮಾನ್ಯವಾಗಿ ಕಿಮೊ ಆದ ಒಂದರಿಂದ ಎರಡು ವಾರದ ನಡುವೆ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ. ನ್ಯೂಟ್ರೊಫಿಲ್ 500ಕ್ಕಿಂತ ಕೆಳಗಿದ್ದಾಗ ಬರುವ ಜ್ವರಕ್ಕೆ ಆಂಟಿಬಯೋಟಿಕ್ ಡ್ರಿಪ್ ಆದಷ್ಟು ಬೇಗ ಶುರುವಾಗಬೇಕು. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಆಕ್ಸಾಲಿಪ್ಲಾಟಿನ್ ಹಲವು ಸುತ್ತು ಪಡೆದವರಲ್ಲಿ ಗುಲ್ಮ ದೊಡ್ಡದಾಗಿ ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಪ್ಲೇಟ್‌ಲೆಟ್ ಕಡಿಮೆ ಇರಬಹುದು. ಅದನ್ನು ಏರಿಸಲೆಂದು ಪರಂಗಿ ಎಲೆ ರಸವನ್ನು ವೈದ್ಯರಲ್ಲಿ ಕೇಳದೆ ಕೊಡಬೇಡಿ. ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಕಷಾಯ ಕೊಡುವವರೂ ಇದ್ದಾರೆ. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಭಾರತದಲ್ಲೇ ದಾಖಲಾಗಿವೆ. ಎಲ್‌ಎಫ್‌ಟಿ ಕೆಟ್ಟಾಗ ಅದು ಕಿಮೊದಿಂದಲೋ, ರೋಗದಿಂದಲೋ, ಕಷಾಯದಿಂದಲೋ ಎಂದು ತಿಳಿಯದೆ ಚಿಕಿತ್ಸೆಯೇ ನಿಂತುಹೋಗುತ್ತದೆ.

ಕ್ರಿಯಾಟಿನಿನ್, ಬಿಲಿರುಬಿನ್ ಯಾಕೆ ನೋಡುತ್ತಾರೆ?

ಕ್ಯಾಪೆಸಿಟಾಬಿನ್ ಎಂಬ ಕಿಮೊ ಮಾತ್ರೆಯ ಪ್ರಮಾಣ ಕಿಡ್ನಿಯನ್ನು ಅವಲಂಬಿಸಿದೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಶುದ್ಧಿ ಮಾಡುತ್ತದೆ ಎಂಬ ಲೆಕ್ಕ) 30ರಿಂದ 50ರ ನಡುವೆ ಇದ್ದರೆ ಡೋಸ್ ಮುಕ್ಕಾಲಿಗೆ ಇಳಿಸುತ್ತಾರೆ, 30ಕ್ಕಿಂತ ಕೆಳಗಿದ್ದರೆ ಕೊಡುವುದಿಲ್ಲ. ಬಡಕಲು ಮೈಯ ವೃದ್ಧರಲ್ಲಿ ಸ್ನಾಯು ಕಡಿಮೆಯಾದ್ದರಿಂದ ಕ್ರಿಯಾಟಿನಿನ್ 1.1 ಎಂದು ಚೆನ್ನಾಗಿಯೇ ಕಾಣುತ್ತದೆ, ವಯಸ್ಸು ಮತ್ತು ತೂಕ ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ಶಕ್ತಿ ಅರ್ಧಕ್ಕೆ ಬಂದಿರುತ್ತದೆ. ಹಾಗಾಗಿ ತೂಕ ಇಳಿದಿದ್ದರೆ ಹೇಳಿ. ಭೇದಿಯಾದಾಗ ಸೋಡಿಯಂ, ಪೊಟ್ಯಾಸಿಯಂ ಜೊತೆಗೆ ಕ್ರಿಯಾಟಿನಿನ್ ಮತ್ತೆ ನೋಡಲೇಬೇಕು.

ಯಕೃತ್ತು ಹೊರಹಾಕುವ ಹಳದಿ ವಸ್ತುವಾದ ಬಿಲಿರುಬಿನ್ ಏರಿದ್ದರೆ ಇರಿನೋಟಿಕಾನ್ ಎಂಬ ಕಿಮೊ ಔಷಧ ಕೊಡುವಾಗ ಜಾಗ್ರತೆ ಬೇಕು. ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಎಂಬ ಕ್ಯಾನ್ಸರ್ ಔಷಧಗಳನ್ನು ಪಡೆಯುವವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆ. ಹೃದಯಕ್ಕೆಂದು ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುವವರು ಕ್ಯಾಪೆಸಿಟಾಬಿನ್ ಶುರುಮಾಡಿದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಅಪಾಯದ ಮಟ್ಟಕ್ಕೆ ಏರಬಹುದು, ಕ್ಯಾನ್ಸರ್ ವೈದ್ಯರಿಗೆ ಆ ಮಾತ್ರೆಯ ಹೆಸರು ತಪ್ಪದೆ ಹೇಳಿ. 5-ಎಫ್‌ಯು ಎಂಬ ಕಿಮೊ ಔಷಧ ಮತ್ತು ಕ್ಯಾಪೆಸಿಟಾಬಿನ್ ಅನ್ನು ಕರಗಿಸುವ ಡಿಪಿಡಿ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಚಿಕಿತ್ಸೆಗೆ ಮೊದಲೇ ಇದನ್ನು ಪರೀಕ್ಷಿಸಲು ಸಲಹೆ ಕೊಟ್ಟಿದೆ. ನಿಮ್ಮ ಆಸ್ಪತ್ರೆಯಲ್ಲಿ ಸಾಧ್ಯವೇ ಎಂದು ವಿಚಾರಿಸಿ. ಮೊದಲ ಸುತ್ತಿನಲ್ಲೇ ಬಾಯಿತುಂಬ ಹುಣ್ಣು, ನಿಲ್ಲದ ಭೇದಿಯಾದರೆ ಮಾತ್ರೆ ನುಂಗುವುದನ್ನು ತಡೆದು ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಕಿಮೊ ದಿನ ಸಕ್ಕರೆ 300 ದಾಟುತ್ತದೆ, ಎಚ್‌ಬಿಎ1ಸಿ ಮಾತ್ರ ಚೆನ್ನಾಗಿದೆ.

ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಸಕ್ಕರೆಯನ್ನು ಏರಿಸುತ್ತದೆ. ಎಚ್‌ಬಿಎ1ಸಿ ಎಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ, ಕೆಂಪು ಕಣಗಳ ಆಯುಷ್ಯದ ಮೇಲೆ ನಿಂತ ಲೆಕ್ಕ. ರಕ್ತಸ್ರಾವವಾದರೆ, ರಕ್ತ ಹಾಕಿಸಿಕೊಂಡರೆ ಅದು ತಪ್ಪಾಗಿ ಕಡಿಮೆ ತೋರಿಸಬಹುದು, ಕಬ್ಬಿಣದ ಕೊರತೆಯಲ್ಲಿ ಹೆಚ್ಚು ತೋರಿಸಬಹುದು. ಈ ದಿನಗಳಲ್ಲಿ ಮನೆಯ ಗ್ಲುಕೋಮೀಟರ್ ಅನ್ನೇ ನಂಬಿ, ಬರೆದಿಟ್ಟು ತೋರಿಸಿ.

ಚಿಕಿತ್ಸೆ ಮುಗಿದಿದೆ, ಅಪ್ಪ ಆರಾಮಾಗಿದ್ದಾರೆ. ಇನ್ನೂ ಎಷ್ಟು ವರ್ಷ ಸಿಇಎ ನೋಡಬೇಕು?

ಗುಣಪಡಿಸುವ ಉದ್ದೇಶದಿಂದ ಆಪರೇಷನ್ ಆದ ಬಹುತೇಕರಿಗೆ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷ ತುಂಬುವ ತನಕ ಆರು ತಿಂಗಳಿಗೊಮ್ಮೆ ನೋಡುತ್ತಾರೆ. ಜೊತೆಗೆ ನಿಗದಿತ ಸಿಟಿ ಸ್ಕ್ಯಾನ್, ಕೊಲೊನೋಸ್ಕೋಪಿ ಇರುತ್ತವೆ. ಸಿಇಎ 2ರಿಂದ 2.6 ಆದರೆ ಅದು ದಿನದಿಂದ ದಿನಕ್ಕೆ ಆಗುವ ಏರಿಳಿತವಿರಬಹುದು. ಏರಿದೆ ಎನಿಸಿದರೆ ಕೆಲವು ವಾರ ಬಿಟ್ಟು ಅದೇ ಲ್ಯಾಬ್‌ನಲ್ಲಿ ಮತ್ತೊಮ್ಮೆ ನೋಡುತ್ತಾರೆ. 2, 4, 7 ಎಂದು ಸತತವಾಗಿ ಏರುತ್ತಿದ್ದರೆ ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸಿಟಿ ಮಾಡಿಸುತ್ತಾರೆ.

‘ಮರಳಿ ಬಂದರೆ ಹೇಗೂ ಏನೂ ಮಾಡಲಾಗದು, ಸುಮ್ಮನೆ ಯಾಕೆ ಚುಚ್ಚಿಸಿಕೊಳ್ಳುವುದು’ ಎಂದು ಈ ಹಂತದಲ್ಲಿ ಪರೀಕ್ಷೆ ಬಿಟ್ಟವರನ್ನು ಕಂಡಾಗ ಸಂಕಟವಾಗುತ್ತದೆ. ಬೇರೆ ಹಲವು ಕ್ಯಾನ್ಸರ್‌ಗಳಿಗೆ ಹೋಲಿಸಿದರೆ ದೊಡ್ಡ ಕರುಳಿನದು ಇಲ್ಲಿ ಭಿನ್ನ. ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಒಂದೆರಡು ಗೆಡ್ಡೆಯಾಗಿ ಮರಳಿದ್ದು ಬೇಗ ಸಿಕ್ಕರೆ ಅದನ್ನು ಆಪರೇಷನ್‌ನಿಂದ ತೆಗೆಯಬಹುದು, ಹಾಗೆ ತೆಗೆಸಿಕೊಂಡವರಲ್ಲಿ ಪೂರ್ತಿ ಗುಣವಾದವರೂ ಇದ್ದಾರೆ. ಐದು ವರ್ಷ ಸಿಇಎ ನೋಡುವುದು ಆ ಅವಕಾಶ ಕೈತಪ್ಪದಿರಲೆಂದು.